ಕಾರಣಾಂತರಗಳಿಂದ ಐಡಲ್

ನಮ್ಮ ಮನೆಯಲ್ಲಿ ಒಂದು ಸಂಜೆ ನಡೆದ ಮಾತಿನಿಂದ ಶುರು ಮಾಡುತ್ತೇನೆ. ಡಿಸೆಂಬರ್ ತಿಂಗಳು. ಅತ್ತೆ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ನಾನೂ ನಾಲ್ಕು ಕಾಯಿ ಸುಲಿದ ಶಾಸ್ತ್ರ ಮಾಡಿ, ಎದುರಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದು ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಸರಣಿ, ನೋಡುತ್ತಿದ್ದೆ. ಅತ್ತೆ ಕತ್ತು ಚಾಚಿ ನೋಡಿದರು.

“ಯಾರಮ್ಮಾ ಅದು, ಇಷ್ಟು ಸಿಡುಕು ಮುಖದವನು?”

“ಡಾಕ್ಟರ್ ಅತ್ತೆ. ಸರ್ಜನ್. ಕೆಲಸ ಬಿಟ್ಟು ಐಡಲ್ ಆಗಿದ್ದಾನೆ.”

“ಕೆಲಸ ಬಿಟ್ಟ ಮೇಲೆ ಐಡಲ್ಲೇ ತಾನೇ?”

ಅವರು ತಮಾಷೆಗೆ ಹೇಳಿದ್ದಲ್ಲ. ಹೈಸ್ಕೂಲಿನಲ್ಲಿ 30 ವರ್ಷ ಗಣಿತ ಹೇಳಿಕೊಟ್ಟವರು, ಇಂಗ್ಲಿಷ್ ಚೆನ್ನಾಗಿಯೇ ಗೊತ್ತು. ಆದರೆ ನಾವು ಬಾಯಲ್ಲಿ ಹೇಳುವಾಗ ಆ ಐಡಲ್ಲೂ ಒಂದೇ, ಈ ಐಡಲ್ಲೂ ಒಂದೇ. ಗಾಡಿ ಸಿಗ್ನಲ್‌ನಲ್ಲಿ ಸುಮ್ನೆ ನಿಂತು ಗುರ್ ಅನ್ನುತ್ತದಲ್ಲ, ಅತ್ತೆ ಅಂದುಕೊಂಡದ್ದು ಆ ಐಡಲ್. ನಾನು ಇವತ್ತು ಮಾತಾಡಬೇಕಾಗಿರೋದು ಇನ್ನೊಂದರ ಬಗ್ಗೆ. ಹಾಡುವ, ಕುಣಿಯುವ, ಟೀವಿಯಲ್ಲಿ ಅಡುಗೆ ಮಾಡುವ, ಯಾವಾಗಲೂ ನಗುವ ಜಪಾನಿನ ಹುಡುಗರ ಬಗ್ಗೆ. ಹಾಗೆ ಆಗಬೇಕು ಅಂತ ಒದ್ದಾಡುವವರ ಕಥೆ ಹೇಳುವ ಹಗುರವಾದ ಅನಿಮೆ ಸರಣಿಗಳ ಬಗ್ಗೆ.

ಇವತ್ತು ಈ ಸಭೆಯಲ್ಲಿ ‘ನರುಟೊ’ ಅನ್ನೋ ಅನಿಮೆ ನೋಡಿದವರು ಕೈ ಎತ್ತಿ ಅಂತ ನಾನು ಅಂದಾಗ ಅರ್ಧ ಸಭೆಯ ಕೈ ಮೇಲಿತ್ತು. ಗಂಡು ಐಡಲ್‌ಗಳ ಅನಿಮೆ ನೋಡಿದವರು ಅಂದಾಗ ಎರಡೂವರೆ ಕೈ. ಹಿಂದಿನ ಸಾಲಿನಲ್ಲಿ ಅರ್ಧ ಎತ್ತಿ ಇಳಿಸಿದವರೇ, ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ನಾನೂ ಎರಡು ವರ್ಷ ಯಾರಿಗೂ ಹೇಳಿರಲಿಲ್ಲ.

ನಾನು ಇದಕ್ಕೆ ಬಿದ್ದದ್ದು ಹೊಟ್ಟೆಪಾಡಿಗಾಗಿ. ಜಪಾನಿ ಭಾಷೆಯ ಕೈಪಿಡಿಗಳನ್ನು ಅನುವಾದ ಮಾಡೋದು ನನ್ನ ಕೆಲಸ. ಪಂಪು, ವಾಲ್ವು, ಕಂಪ್ರೆಸರ್. ದಿನವಿಡೀ “ಈ ಬೋಲ್ಟನ್ನು ಬಿಗಿ ಮಾಡುವ ಮುನ್ನ” ಅಂತ ಓದಿ ಓದಿ, ಮನುಷ್ಯರು ಮಾತಾಡುವ ಜಪಾನಿ ನನಗೆ ಮರೆತೇ ಹೋಗಿತ್ತು. ಫೋನಿನಲ್ಲಿ ಆ ಕಡೆಯವರು “ಮಳೆ ಜೋರಾಗಿದೆ” ಅಂದರೂ ನನಗೆ ನೀರು ಸೋರಿಕೆಯೇ ನೆನಪಾಗೋದು. ಕಿವಿ ಪಳಗಲಿ ಅಂತ ಅನಿಮೆ ನೋಡಲು ಕೂತೆ. ಕತ್ತಿ ಹಿಡಿದು ರಾಕ್ಷಸರನ್ನು ಕಡಿಯುವವರ ಭಾಷೆ ಆಫೀಸಿಗೆ ಉಪಯೋಗಕ್ಕೆ ಬರುವುದಿಲ್ಲ. ವಿಸಿಟಿಂಗ್ ಕಾರ್ಡ್ ಕೊಡುವವರು, ಕ್ಷಮೆ ಕೇಳುವವರು, “ಸಾರ್, ಅದೊಂದು ಸ್ವಲ್ಪ ಕಷ್ಟ” ಅನ್ನುವವರು ಬೇಕಿತ್ತು. ಅಂಥವರು ಹೇರಳವಾಗಿ ಸಿಗೋದು ಐಡಲ್ ಅನಿಮೆಯಲ್ಲಿ. ಯಾಕಂದ್ರೆ ಅದು ಪೂರ್ತಿ ಆಫೀಸಿನ ಕಥೆ.

ಒಂದು ಸಣ್ಣ ಉದಾಹರಣೆ. ಜಪಾನಿನ ಮನರಂಜನಾ ಲೋಕದಲ್ಲಿ ಆ ದಿನ ಮೊದಲ ಸಲ ಎದುರಾದಾಗ ಹೊತ್ತು ಎಷ್ಟೇ ಆಗಿರಲಿ, “ಒಹಾಯೋ ಗೊಜಾಯ್ಮಸ್” ಅನ್ನಬೇಕು. ಅಂದರೆ ಶುಭೋದಯ. ರಾತ್ರಿ 8 ಗಂಟೆಗೆ ಸ್ಟುಡಿಯೋಗೆ ಬಂದರೂ ಶುಭೋದಯವೇ. ಈ ಸರಣಿಗಳಲ್ಲಿ ಹೊಸದಾಗಿ ಸೇರಿದವರು ಕತ್ತಲಾದ ಮೇಲೆ ಶುಭೋದಯ ಹೇಳಲು ಕಲಿಯುತ್ತಾರೆ. ಹೇಳಿ ಹೇಳಿ, ಒಂದು ದಿನ ಅದು ಸರಾಗವಾಗಿ ಬಾಯಿಗೆ ಬರುತ್ತದೆ. ಆವತ್ತು ಅವರು ಆ ಲೋಕದ ಒಳಗೆ ಬಂದರು ಅಂತ ಲೆಕ್ಕ.

ನಾನು ಹೇಳಹೊರಟಿರುವ ಸರಣಿ ‘ದಿ ಐಡಲ್‌ಮಾಸ್ಟರ್ ಸೈಡ್‌ಎಂ’. 2017ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜಪಾನಿನ ಟೀವಿಯಲ್ಲಿ ಬಂತು. 13 ಕಂತು. ಮಾಡಿದ್ದು ಎ-1 ಪಿಕ್ಚರ್ಸ್ ಅನ್ನೋ ಸ್ಟುಡಿಯೋ. ಐಡಲ್‌ಗಳನ್ನು ಬೆಳೆಸುವ ಒಂದು ಸಣ್ಣ ಏಜೆನ್ಸಿ, ಅದಕ್ಕೊಬ್ಬ ಜೋರು ಗಂಟಲಿನ ಅಧ್ಯಕ್ಷ, ಕನ್ನಡಕ ಹಾಕಿದ ಒಬ್ಬ ಎಳೇ ಪ್ರೊಡ್ಯೂಸರ್, ಅವನ ಕೈಗೆ ಸಿಕ್ಕಿಕೊಂಡ 19 ಮಂದಿ ಗಂಡಸರು. ಈ ಏಜೆನ್ಸಿಯ ಹೆಸರು 315 ಪ್ರೊಡಕ್ಷನ್.

ಈ 315ರಲ್ಲೇ ಒಂದು ತಮಾಷೆ ಇದೆ. ಜಪಾನಿಯಲ್ಲಿ ಅಂಕಿಗಳನ್ನು ಅಕ್ಷರದ ಹಾಗೆ ಓದುವ ಆಟವಿದೆ. ಒಂದೊಂದು ಅಂಕಿಯ ಹೆಸರಿನಿಂದ ಒಂದು ಚೂರು ಮುರಿದುಕೊಂಡು ಜೋಡಿಸಿದರೆ ಪದವಾಗುತ್ತದೆ. 8, 3, 1 ಸೇರಿಸಿದರೆ ‘ಯಾಸಾಯ್’, ತರಕಾರಿ. ಅದಕ್ಕೇ ಆಗಸ್ಟ್ 31 ಅಲ್ಲಿ ತರಕಾರಿ ದಿನ. ಹಾಗೆ 3, 1, 5 ಸೇರಿಸಿದರೆ ‘ಸೈಕೋ’. ನೀವು ನಗ್ತೀರಿ ಅಂತ ಗೊತ್ತಿತ್ತು. ಜಪಾನಿಯಲ್ಲಿ ಸೈಕೋ ಅಂದರೆ ಅತ್ಯುತ್ತಮ, ಇದಕ್ಕಿಂತ ಮೇಲಿಲ್ಲ ಅಂತ. ಆ ಅಧ್ಯಕ್ಷ ಮಾತು ಮಾತಿಗೂ ಗಂಟಲು ಹರಿಯೋ ಹಾಗೆ ಸೈಕೋ ಅನ್ನುತ್ತಾನೆ. ಅತ್ತೆ ಮೊದಲ ಸಲ ಕೇಳಿದಾಗ “ಪಾಪ, ಯಾರಿಗೆ ಬೈತಿದ್ದಾನೆ?” ಅಂದಿದ್ದರು.

ಇನ್ನು ಇದರ ಅಡಿಬರಹ. ಇಡೀ ಸರಣಿ ನಿಂತಿರೋದು ಅದರ ಮೇಲೆ. “ವಾಕೆ ಅತ್ತೆ, ಐದೊರು!” ಇದರಲ್ಲಿರುವ ಅತ್ತೆಗೂ ನಮ್ಮ ಅತ್ತೆಗೂ ಸಂಬಂಧವಿಲ್ಲ. ‘ವಾಕೆ’ ಅಂದರೆ ಕಾರಣ. ‘ಅತ್ತೆ’ ಅಂದರೆ ಇದ್ದುದರಿಂದ. ‘ಐದೊರು’ ನಮ್ಮ ಐಡಲ್. ಪದಕ್ಕೆ ಪದ ಇಟ್ಟರೆ “ಕಾರಣ ಇದ್ದುದರಿಂದ, ಐಡಲ್”. ಆದರೆ ಅದು ಅನುವಾದವಲ್ಲ, ಪಂಪಿನ ಕೈಪಿಡಿ. ಜಪಾನೀಯರು ‘ವಾಕೆ ಅತ್ತೆ’ ಅನ್ನೋದು ಯಾವಾಗ ಅಂದರೆ, ಕಾರಣ ಇದೆ ಆದರೆ ಹೇಳಲು ಇಷ್ಟವಿಲ್ಲ ಅನ್ನುವಾಗ. “ಹೋದ ತಿಂಗಳು ಕೆಲಸ ಬಿಟ್ಟೆ, ವಾಕೆ ಅತ್ತೆ.” ಎದುರಿಗಿರುವವರು ಮುಂದೆ ಕೇಳಬಾರದು. ಇದಕ್ಕೆ ಸರಿಯಾದ ಕನ್ನಡ ಪದ ನಮ್ಮಲ್ಲಿ ಎಷ್ಟು ಚೆನ್ನಾಗಿದೆ ನೋಡಿ. ನೋಟಿಸ್ ಬೋರ್ಡಿನಲ್ಲಿ, ಮುಂದೂಡಿದ ಕಾರ್ಯಕ್ರಮದ ಪ್ರಕಟಣೆಯಲ್ಲಿ ಮಾತ್ರ ಬದುಕಿರುವ ಪದ: ಕಾರಣಾಂತರಗಳಿಂದ. ಕಾರಣಾಂತರಗಳಿಂದ ಐಡಲ್! ಇದು ಹೊಳೆದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. ಅನುವಾದಕರ ಸಂತೋಷಗಳು ಇಂಥವೇ, ಪುಕ್ಕಟೆ.

ಹಾಗಾದರೆ ಯಾರಿಗೆ ಏನು ಕಾರಣ? ಮುಖ್ಯ ತಂಡದಲ್ಲಿ ಮೂವರು. ತೆಂದೋ ತೆರು, 28 ವರ್ಷ, ಮೊದಲು ವಕೀಲ. ಸಾಕುರಾಬಾ ಕಾವೊರು, ಮೊದಲು ಸರ್ಜನ್. ಅವನೇ ಅತ್ತೆ ಕಂಡ ಸಿಡುಕು ಮುಖ. ಕಾಶಿವಾಗಿ ತ್ಸುಬಾಸಾ, ಮೊದಲು ವಿಮಾನದ ಪೈಲಟ್. ‘ತ್ಸುಬಾಸಾ’ ಅಂದರೆ ರೆಕ್ಕೆ, ಆ ಹೆಸರಿಟ್ಟ ಮೇಲೆ ಅವನು ಬೇರೇನು ಆಗಲು ಸಾಧ್ಯವಿತ್ತು. ಯೋಚನೆ ಮಾಡಿ. ವಕೀಲ, ಡಾಕ್ಟರ್, ಪೈಲಟ್. ನಮ್ಮಲ್ಲಿ ಹೆಣ್ಣು ಕೊಡುವವರು ಮೂರೂ ಮನೆ ಮುಂದೆ ಸಾಲು ನಿಲ್ಲುತ್ತಿದ್ದರು. ಆ ಮೂವರೂ ಕೆಲಸ ಬಿಟ್ಟು, ಮಿನುಗುವ ಬಟ್ಟೆ ಹಾಕಿಕೊಂಡು, ಹದಿನೈದರ ಹುಡುಗರ ಜೊತೆ ಸರಿಸಮನಾಗಿ ಸ್ಟೆಪ್ ಕಲಿಯುತ್ತಾರೆ. ವಕೀಲನಿಗೆ ಶ್ಲೇಷೆ ಜೋಕ್ ಹೇಳುವ ಚಟ. ಜಪಾನಿನಲ್ಲಿ ಅಂಥ ಜೋಕುಗಳಿಗೆ ಅಂಕಲ್ ಜೋಕ್ ಅನ್ನುವ ಅರ್ಥದ ಹೆಸರೇ ಇದೆ. ಡಾಕ್ಟರಿಗೆ ಅವನನ್ನು ಕಂಡರೆ ಉರಿ. ಪೈಲಟ್ ಇಬ್ಬರ ನಡುವೆ ಸಿಕ್ಕಿಕೊಂಡು ಹೊಟ್ಟೆ ತುಂಬಾ ಊಟ ಮಾಡುತ್ತಾನೆ. ಯಾಕೆ ಐಡಲ್ ಆದೆ ಅಂತ ಕೇಳಿದರೆ ಡಾಕ್ಟರ್ “ದುಡ್ಡಿಗೆ” ಅನ್ನುತ್ತಾನೆ. ಆ ದುಡ್ಡು ಯಾವುದಕ್ಕೆ ಅನ್ನೋದನ್ನು ನಾನು ಹೇಳುವುದಿಲ್ಲ, ನೀವೇ ನೋಡಿ.

ಅತ್ತೆ ಮಾತ್ರ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು: “ಡಿಗ್ರಿ ಎಲ್ಲೂ ಹೋಗಲ್ಲ. ಕುಣಿದು ಸಾಕಾದ್ರೆ ವಾಪಸ್ ಹೋಗಬಹುದು.”

ಈಗ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಜಪಾನಿನ ಅಂಗಡಿಗಳಲ್ಲಿ ‘ವಾಕೆ ಆರಿ’ ಅಂತ ಚೀಟಿ ಅಂಟಿಸಿದ ಸಾಮಾನು ಸಿಗುತ್ತದೆ. ಅದೇ ವಾಕೆ, ಕಾರಣ. ಅಂದರೆ ‘ಕಾರಣ ಉಳ್ಳದ್ದು’. ಮೈಮೇಲೆ ಕಲೆ ಬಿದ್ದ ಸೇಬು, ಸೊಟ್ಟಗೆ ಬೆಳೆದ ಸೌತೆಕಾಯಿ, ಮುರಿದುಹೋದ ಅಕ್ಕಿ ಬಿಸ್ಕತ್ತು. ರುಚಿಗೆ ಏನೂ ಆಗಿಲ್ಲ, ನೋಟಕ್ಕೆ ಸರಿಯಿಲ್ಲ, ಆದ್ದರಿಂದ ಕಡಿಮೆ ಬೆಲೆ. ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಗ ನಾನು ಅಂಥ ಬಿಸ್ಕತ್ತಿನ ಒಂದು ದೊಡ್ಡ ಪೊಟ್ಟಣ ತಂದೆ. ಒಂದೂ ಇಡೀ ಇರಲಿಲ್ಲ. ನಮ್ಮಲ್ಲಿ ನಿಪ್ಪಟ್ಟಿನ ಡಬ್ಬದ ತಳದಲ್ಲಿ ಚೂರು ಉಳಿದಿರುತ್ತದಲ್ಲ, ಖಾರ ಎಲ್ಲಾ ಅಲ್ಲೇ ಇಳಿದಿರುತ್ತದೆ, ಹಾಗೆ. ಸರಣಿಯ ಅಡಿಬರಹ ಓದುವ ಜಪಾನಿಯವನಿಗೆ ಈ ಚೀಟಿಯೂ ಪಕ್ಕದಲ್ಲೇ ನೆನಪಾಗುತ್ತದೆ. ಇಲ್ಲಿರುವ 19 ಮಂದಿಯೂ ವಾಕೆ ಆರಿ. ಎಲ್ಲಿಂದಲೋ ಉದುರಿ, ಒಂದು ಮೂಲೆ ಮುರಿದವರು.

ಇನ್ನುಳಿದವರನ್ನು ಬೇಗ ಹೇಳಿ ಮುಗಿಸುತ್ತೇನೆ. ಫುಟ್‌ಬಾಲ್ ಆಡುತ್ತಿದ್ದ ಅವಳಿ ಅಣ್ಣತಮ್ಮಂದಿರು. ಒಬ್ಬನಿಗೆ ಪೆಟ್ಟಾಯಿತು, ಇನ್ನೊಬ್ಬ ತಾನೂ ಬಿಟ್ಟ. ‘ಬೈಟೊ’, ಅಂದರೆ ಪಾರ್ಟ್ ಟೈಮ್ ಕೆಲಸ ಅನ್ನೋ ಪದದಿಂದಲೇ ಹೆಸರಿಟ್ಟುಕೊಂಡ ಒಂದು ತಂಡವಿದೆ. ಅದರಲ್ಲಿ ಒಬ್ಬ ಹಗಲು ರಾತ್ರಿ ತೆರೆದಿರುವ ಅಂಗಡಿಯ ಗಲ್ಲೆಯಲ್ಲಿ ನಿಲ್ಲುತ್ತಿದ್ದವನು, ಒಬ್ಬ ಹೂವಿನ ಅಂಗಡಿಯವನು, ಒಬ್ಬ ಬೊಂಬೆ ವೇಷ ಹಾಕಿಕೊಂಡು ಬೀದಿಯಲ್ಲಿ ನಿಲ್ಲುತ್ತಿದ್ದ ಹುಡುಗ. ಆ ಹುಡುಗ ಯಾವುದೋ ದೇಶದ ರಾಜಕುಮಾರ. ಯಾಕೆ, ಹೇಗೆ ಅಂತ ಕೇಳಬೇಡಿ. ಕಾರಣಾಂತರಗಳಿಂದ. ಮತ್ತೆ ಹೈಸ್ಕೂಲಿನ ಬ್ಯಾಂಡ್ ಒಂದಿದೆ, ಐವರು. ಅವರ ಹೆಸರು ಕೇಳಿ: ಹಾರುನಾ, ನಾತ್ಸುಕಿ, ಅಕಿಯಾಮಾ, ಫುಯುಮಿ. ಹಾರು ವಸಂತ, ನಾತ್ಸು ಬೇಸಿಗೆ, ಅಕಿ ಶರತ್ಕಾಲ, ಫುಯು ಚಳಿಗಾಲ. ಐದನೆಯವನು? ಅವನ ಹೆಸರು ಶಿಕಿ. ‘ಶಿಕಿ’ ಅಂದರೆ ನಾಲ್ಕೂ ಋತು! ಬರೆದವರು ಇದನ್ನು ಮಾಡಿ ಮುಗಿಸಿದ ದಿನ ಆಫೀಸಿನಿಂದ ಬೇಗ ಮನೆಗೆ ಹೋಗಿರಬೇಕು.

ನನ್ನ ಮೆಚ್ಚಿನವರು ಮಾತ್ರ ಮೇಷ್ಟ್ರುಗಳು. ತಂಡದ ಹೆಸರು ಎಸ್ಇಎಂ. ಸೈನ್ಸ್, ಇಂಗ್ಲಿಷ್, ಮ್ಯಾಥ್ಸ್. ಮೂರು ವಿಷಯ, ಮೂವರು ಮೇಷ್ಟ್ರು. ಗಣಿತದ ಮಿಚಿಯೊ ಮೇಷ್ಟ್ರು ಮೂವತ್ತು ದಾಟಿದವರು. ನೀಟಾಗಿ ಬಾಚಿದ ಕೂದಲು, ಕನ್ನಡಕ, ನಗು ಅಪರೂಪ. ಪಾಠ ಮಾಡುವಾಗ ಅವರಿಗೆ ಒಂದು ವಿಷಯ ಹೊಳೆಯುತ್ತದೆ. ಮಕ್ಕಳು ನನ್ನ ಮಾತು ಕೇಳುತ್ತಿಲ್ಲ. ಆದರೆ ಐಡಲ್‌ಗಳು ಹೇಳಿದರೆ ಕೇಳುತ್ತಾರೆ. ನಮ್ಮ ಮೇಷ್ಟ್ರಾಗಿದ್ದರೆ ಏನು ಮಾಡುತ್ತಿದ್ದರು? ಮೊಬೈಲ್ ಕಿತ್ತುಕೊಂಡು ಸ್ಟಾಫ್ ರೂಮಿನ ಬೀರುವಿನಲ್ಲಿ ಇಡುತ್ತಿದ್ದರು. ಮಿಚಿಯೊ ಲೆಕ್ಕ ಹಾಕುತ್ತಾರೆ. ಮಕ್ಕಳು ಐಡಲ್ ಮಾತು ಕೇಳುತ್ತಾರೆ, ನನಗೆ ಮಕ್ಕಳಿಗೆ ಹೇಳಬೇಕಾದ ಮಾತಿದೆ, ಆದ್ದರಿಂದ ನಾನು ಐಡಲ್ ಆಗಬೇಕು. ಸಾಧಿಸಬೇಕಾದದ್ದು ಸಾಧಿತವಾಯಿತು. ಸಹೋದ್ಯೋಗಿಗಳಿಬ್ಬರನ್ನೂ ಎಳೆದುಕೊಂಡೇ ಹೋಗುತ್ತಾರೆ. ವಿಜ್ಞಾನದ ಜಿರೊ ಮೇಷ್ಟ್ರು ಆಕಳಿಸುತ್ತಾ ಬರುತ್ತಾರೆ. ಅವರಿಗೆ ಸ್ವಲ್ಪ ದುಡ್ಡಿನ ಆಸೆಯೂ ಇದೆ.

ಈ ಕಂತು ಬಂದಾಗ ಅತ್ತೆ ಅವರೆಕಾಯಿ ಕೈಬಿಟ್ಟು ಕೂತಿದ್ದರು. ಕೆಳಗೆ ಬರುವ ಸಾಲುಗಳನ್ನು ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಇವನಿಗೂ ಕೊನೇ ಪೀರಿಯಡ್ ಕೊಟ್ಟಿರ್ತಾರೆ” ಅಂದರು. “ಕೊನೇ ಪೀರಿಯಡ್ ಗಣಿತ ಇಟ್ಟರೆ ಬ್ರಹ್ಮ ಬಂದು ಹೇಳಿದ್ರೂ ತಲೆಗೆ ಹೋಗಲ್ಲ. ನಾನು ಹಾಡಿನ ಥರ ಸೂತ್ರ ಹೇಳಿಸ್ತಿದ್ದೆ, ಗೊತ್ತಾ?” ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾಗಿತ್ತು, ಅತ್ತೆ ಕ್ಲಾಸಿನಲ್ಲಿ ಹಾಡುತ್ತಿದ್ದರು ಅಂತ ನನಗೆ ತಿಳಿದದ್ದು ಒಬ್ಬ ಜಪಾನಿ ಕಾರ್ಟೂನ್ ಮೇಷ್ಟ್ರಿಂದ. ಬೀಜಗಣಿತದ ಎ ಪ್ಲಸ್ ಬಿ ವರ್ಗವನ್ನು ಅವರು ಅಲ್ಲೇ ಹಾಡಿ ತೋರಿಸಿದರು. ಹಳೇ ಭಾವಗೀತೆಯ ಧಾಟಿ. ಸಿಪ್ಪೆ ತುಂಬಿದ ಪೇಪರ್ ಮೇಲೆ ಬೆರಳಲ್ಲಿ ತಾಳ.

ಇಷ್ಟೆಲ್ಲಾ ಹೇಳುತ್ತಿದ್ದೇನೆ, ಐಡಲ್ ಅಂದರೆ ಏನು ಅಂತ ಇನ್ನೂ ಸರಿಯಾಗಿ ಹೇಳಿಲ್ಲ. 1964ರಲ್ಲಿ ಒಂದು ಫ್ರೆಂಚ್ ಸಿನಿಮಾ ಜಪಾನಿಗೆ ಬಂತು. ಅದರ ಜಪಾನಿ ಹೆಸರಿನಲ್ಲಿ ಈ ಪದವಿತ್ತು, ಹಾಡೂ ಜನಪ್ರಿಯವಾಯಿತು. ಪದ ಅಲ್ಲೇ ಬೇರೂರಿತು. ಆದರೆ ಅಲ್ಲಿ ಅದರ ಅರ್ಥ ಬದಲಾಗಿದೆ. ನಮಗೆ ಗಾಯಕ ಅಂದರೆ ರಿಯಾಜ್ ಮುಗಿಸಿ, ಪಳಗಿ ವೇದಿಕೆಗೆ ಬಂದವನು. ಜಪಾನಿನ ಐಡಲ್ ಪೂರ್ತಿ ಪಳಗಿರಬಾರದು. ಶ್ರುತಿ ಸ್ವಲ್ಪ ತಪ್ಪಲಿ, ಸ್ಟೆಪ್ಪು ಒಂದು ಹಿಂದೆ ಬೀಳಲಿ. ಅವನು ಬೆಳೆಯೋದನ್ನು ನೋಡೋದೇ ಅಭಿಮಾನಿಯ ಸುಖ. ಪಕ್ಕದ ಮನೆ ಹುಡುಗ ಸೈಕಲ್ ಕಲಿಯೋದನ್ನು ಗೇಟಿನ ಹತ್ತಿರ ನಿಂತು ನೋಡುತ್ತೇವಲ್ಲ, ಹಾಗೆ. ಹಾಗಾಗಿ ಅಲ್ಲಿನ ಐಡಲ್‌ಗಳು ಹಾಡೊಂದನ್ನೇ ನಂಬಿ ಕೂರುವುದಿಲ್ಲ. 1991ರಲ್ಲಿ ಮೊದಲ ಹಾಡು ತಂದ ಸ್ಮ್ಯಾಪ್ ತಂಡದವರು ಟೀವಿಯಲ್ಲಿ ಅತಿಥಿಗಳಿಗೆ ಅಡುಗೆ ಮಾಡಿ ಬಡಿಸುತ್ತಿದ್ದರು. ಆ ಕಾರ್ಯಕ್ರಮ 1996ರಿಂದ 2016ರವರೆಗೆ ನಡೆಯಿತು. 20 ವರ್ಷ ಪ್ರತಿವಾರ ಅವರು ಮನೆಗೆ ಬಂದರೆ ಅವರು ನೆಂಟರಾಗದೆ ಇನ್ನೇನಾಗುತ್ತಾರೆ?

ಈಗ ಒಂದು ಹಳೇ ಜಗಳದ ಕಥೆ. ಇದು ಗೊತ್ತಿದ್ದರೆ ಸೈಡ್‌ಎಂ ನೋಡುವ ರುಚಿಯೇ ಬೇರೆ.

‘ಐಡಲ್‌ಮಾಸ್ಟರ್’ ಶುರುವಾದದ್ದು 2005ರಲ್ಲಿ, ನಾಣ್ಯ ಹಾಕಿ ಆಡುವ ಆಟವಾಗಿ. ನಾಮ್ಕೊ ಕಂಪನಿಯದು. ಅದರಲ್ಲಿ ನೀವೇ ಪ್ರೊಡ್ಯೂಸರ್, ಹೆಣ್ಣುಮಕ್ಕಳ ತಂಡವನ್ನು ಬೆಳೆಸಬೇಕು. ಆಟದೊಳಗಿನ ಏಜೆನ್ಸಿ 765. ಓದುವ ರೀತಿ ಈಗ ನಿಮಗೆ ಗೊತ್ತು: ನಾ-ಮು-ಕೊ. ಎದುರಾಳಿ ಏಜೆನ್ಸಿ 961: ಕು-ರೊ-ಇ, ಕಪ್ಪು. ವಿಲನ್ ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಐದು ವರ್ಷ ಅಭಿಮಾನಿಗಳು ಈ ಹುಡುಗಿಯರನ್ನು ತಲೆ ಮೇಲೆ ಹೊತ್ತು ಮೆರೆಸಿದರು. 2010ರ ಸೆಪ್ಟೆಂಬರ್ 18ರಂದು ಟೋಕಿಯೊದ ಗೇಮ್ ಮೇಳದಲ್ಲಿ ಎರಡನೇ ಆಟದ ಸುದ್ದಿ ಹೊರಬಿತ್ತು. ಹಳೇ ಹುಡುಗಿಯರಲ್ಲಿ ನಾಲ್ವರನ್ನು ಈ ಸಲ ನೀವು ಬೆಳೆಸಲು ಆಗುವುದಿಲ್ಲ. ಜೊತೆಗೆ ಎದುರಾಳಿಯಾಗಿ ಒಂದು ಗಂಡು ತಂಡ ಬರುತ್ತಿದೆ. ಹೆಸರು ಜುಪಿಟರ್, ಮೂವರು ಹುಡುಗರು.

ಅಷ್ಟೇ. ಬೆಂಕಿ ಹತ್ತಿಕೊಂಡಿತು. ನಮ್ಮ ಹುಡುಗಿಯರ ನಡುವೆ ಇವರಿಗೇನು ಕೆಲಸ ಅಂತ ಅಭಿಮಾನಿಗಳು ಕೂಗಾಡಿದರು. ಆ ಗಲಾಟೆಗೆ ಇವತ್ತಿಗೂ ಅದರ ತಾರೀಖೇ ಹೆಸರು. ಪಾಪ, ಆ ಮೂವರು ಆಗಿನ್ನೂ ಬರೀ ಚಿತ್ರ. ಒಂದು ಹಾಡೂ ಸರಿಯಾಗಿ ಹಾಡಿರಲಿಲ್ಲ, ಆಗಲೇ ಛೀ ಥೂ ಅನ್ನಿಸಿಕೊಂಡರು. 2011ರಲ್ಲಿ ಆಟ ಬಂತು, ಅದೇ ವರ್ಷ ಹುಡುಗಿಯರ ಅನಿಮೆಯೂ ಬಂತು. ಆ ಕಥೆಯಲ್ಲಿ ಜುಪಿಟರ್ ಹುಡುಗರಿಗೆ ತಮ್ಮ ಯಜಮಾನ ಅಡ್ಡದಾರಿಯಲ್ಲಿ ತಮ್ಮನ್ನು ಗೆಲ್ಲಿಸುತ್ತಿದ್ದಾನೆ ಅಂತ ಗೊತ್ತಾಗುತ್ತದೆ. ಅವರು ಏಜೆನ್ಸಿ ಬಿಟ್ಟು ಹೊರಡುತ್ತಾರೆ. ಎಲ್ಲಿಗೆ? ಆಗ ಯಾರಿಗೂ ಗೊತ್ತಿರಲಿಲ್ಲ, ಬಹುಶಃ ಬರೆದವರಿಗೂ.

ಉತ್ತರ ಬಂದದ್ದು 2014ರಲ್ಲಿ, ಮೊಬೈಲ್ ಆಟವಾಗಿ ಸೈಡ್‌ಎಂ ಶುರುವಾದಾಗ. ಜುಪಿಟರ್ 315ಕ್ಕೆ ಸೇರಿತು. 2017ರ ಅನಿಮೆಯಲ್ಲಿ ಮುಖ್ಯ ಕಥೆಗೆ ಮುಂಚೆ ಅವರಿಗಾಗಿಯೇ ಒಂದು ವಿಶೇಷ ಕಂತು. ದೊಡ್ಡ ಕಂಪನಿ ಬಿಟ್ಟ ಮೇಲೆ ಸಣ್ಣ ವೇದಿಕೆ, ಎಲ್ಲಾ ಕೆಲಸ ತಾವೇ. ಒಮ್ಮೆ ಮೋಸ ಹೋದವರು ಇನ್ನೊಂದು ಏಜೆನ್ಸಿಯನ್ನು ನಂಬಬೇಕೋ ಬೇಡವೋ ಅನ್ನುವ ಅನುಮಾನ. ಆಮೇಲಿನ ಕಂತುಗಳಲ್ಲಿ ಅವರು ಎಲ್ಲರಿಗೂ ಸೀನಿಯರ್. ವಯಸ್ಸಿನಲ್ಲಿ ತಮಗಿಂತ ದೊಡ್ಡ ಮಾಜಿ ವಕೀಲರಿಗೆ, ಮಾಜಿ ಮೇಷ್ಟ್ರಿಗೆ ಇವರು ಅಣ್ಣಂದಿರು. ಏಳು ವರ್ಷ ಹಿಂದೆ ಬೈಸಿಕೊಂಡ ಮುಖಗಳಿವು ಅಂತ ತಿಳಿದು ನೋಡಿ. ಅಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಇರೋದೇ ಚೆಂದ.

ಬೇರೆ ಸರಣಿಗಳನ್ನು ಮುಟ್ಟದೆ ಹೋದರೆ ಆ ಎರಡೂವರೆ ಕೈಗಳು ನನ್ನನ್ನು ಬಿಡುವುದಿಲ್ಲ. ನೀವು ನೋಡಿರೋದು ‘ಉತಾ ನೊ ಪ್ರಿನ್ಸ್-ಸಾಮಾ’ ಅಲ್ವಾ? ಹಾಗೇ ಅಂದುಕೊಂಡೆ. 2011ರದ್ದು, ಅದನ್ನು ಮಾಡಿದವರೂ ಎ-1 ಪಿಕ್ಚರ್ಸೇ. ಹಾಡುಗಾರರಿಗೂ ಹಾಡು ಕಟ್ಟುವವರಿಗೂ ಒಂದು ಶಾಲೆ, ಅಲ್ಲಿ ಪ್ರೀತಿ ಪ್ರೇಮ ನಿಷೇಧ. ನಿಷೇಧ ಹಾಕಿದ ಮೇಲೆ ಏನಾಗುತ್ತದೆ ಅಂತ ನಮ್ಮ ಸಿನಿಮಾ ನೋಡಿದವರಿಗೆ ಹೇಳಬೇಕೇ. ಅಲ್ಲಿ ಒಂದು ಬೆಕ್ಕು ಕೊನೆಗೆ ರಾಜಕುಮಾರ ಅಂತ ಗೊತ್ತಾಗುತ್ತದೆ, ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಸೈಡ್‌ಎಂಗಿಂತ ಇದು ಹತ್ತು ಪಟ್ಟು ಹುಚ್ಚು. ತಮಾಷೆಗಾಗಿ ನೋಡಬೇಕೆಂದರೆ ಇದೇ ಸರಿ. ಇನ್ನೊಂದು ‘ಐಡಲಿಶ್ ಸೆವೆನ್’, 2018ರದ್ದು. ಏಳು ಹುಡುಗರು, ಪ್ರತಿಯೊಬ್ಬರ ಹೆಸರಿನ ಲಿಪಿಯಲ್ಲೂ ಒಂದರಿಂದ ಏಳರವರೆಗಿನ ಒಂದೊಂದು ಅಂಕಿ ಅಡಗಿದೆ. ಅವರ ಮೊದಲ ಕಾರ್ಯಕ್ರಮ ಮೂರು ಸಾವಿರ ಜನ ಹಿಡಿಸುವ ಬಯಲು ರಂಗದಲ್ಲಿ. ಬಂದವರು 9 ಮಂದಿ. ಊರಿನ ಸಂಘಗಳಲ್ಲಿ ಕಾರ್ಯಕ್ರಮ ಮಾಡಿದವರಿಗೆ ಆ ದೃಶ್ಯ ನೋಡಿದಾಗ ಹೊಟ್ಟೆ ಚುರುಕ್ ಅನ್ನುತ್ತದೆ.

ಇವುಗಳಿಗೆ ದನಿ ಕೊಟ್ಟವರನ್ನು ನೀವು ಬೇರೆ ಅನಿಮೆಗಳಲ್ಲಿ ಆಗಲೇ ಕೇಳಿದ್ದೀರಿ. ‘ಡೆತ್ ನೋಟ್’ನಲ್ಲಿ ಹೆಸರು ಬರೆದು ಜನರನ್ನು ಕೊಲ್ಲುವ ಲೈಟ್ ಇದ್ದಾನಲ್ಲ, ಅವನಿಗೆ ದನಿ ಕೊಟ್ಟ ಮಿಯಾನೊ ಮಾಮೊರು ‘ಉತಾ ನೊ ಪ್ರಿನ್ಸ್-ಸಾಮಾ’ದಲ್ಲಿ ಪ್ರೇಮಗೀತೆ ಹಾಡುತ್ತಾರೆ. ‘ಡೀಮನ್ ಸ್ಲೇಯರ್’ನಲ್ಲಿ ಹೆದರಿ ಕಿರುಚುವ ಝೆನಿತ್ಸುವಿನ ದನಿ, ಶಿಮೊನೊ ಹಿರೊ, ಅಲ್ಲೇ ಇದ್ದಾರೆ. ನಮ್ಮ ಸಿಡುಕು ಡಾಕ್ಟರ್ ದನಿ ಉಚಿದಾ ಯೂಮಾ. ‘ಜುಜುತ್ಸು ಕೈಸೆನ್’ನ ಮೆಗುಮಿಯೂ ಅವರೇ. ಆ ಸಿಡುಕೂ ಅದೇ ಅನ್ನಿಸಿದರೆ ನಿಮ್ಮ ಕಿವಿ ಚೆನ್ನಾಗಿದೆ. ಇವರು ಮೈಕಿನ ಹಿಂದೆ ಕೂತು ಸುಮ್ನಾಗುವುದಿಲ್ಲ. ಅನಿಮೆಯ ಬಟ್ಟೆಯಂಥದ್ದೇ ಬಟ್ಟೆ ಹಾಕಿಕೊಂಡು, ಅದೇ ಸ್ಟೆಪ್ಪು ಹಾಕಿ ಸಾವಿರಾರು ಜನರೆದುರು ಹಾಡುತ್ತಾರೆ. ಸೈಡ್‌ಎಂ ತಂಡ ಹಾಗೆ ಮೊದಲ ದೊಡ್ಡ ವೇದಿಕೆ ಹತ್ತಿದ್ದು 2015ರ ಡಿಸೆಂಬರ್‌ನಲ್ಲಿ, ಅನಿಮೆ ಬರುವುದಕ್ಕೂ ಎರಡು ವರ್ಷ ಮುಂಚೆ. ನೋಡುವವರ ಕೈಯಲ್ಲಿ ಬಣ್ಣ ಬದಲಿಸುವ ದೀಪದ ಕಡ್ಡಿ. ಪ್ರತಿ ಪಾತ್ರಕ್ಕೂ ಒಂದು ಬಣ್ಣ. ಅವನು ಮುಂದೆ ಬಂದ ತಕ್ಷಣ ಇಡೀ ಸಭಾಂಗಣ ಆ ಬಣ್ಣಕ್ಕೆ ತಿರುಗುತ್ತದೆ.

ನಿಜವಾದ ಗಂಡು ಐಡಲ್‌ಗಳ ಕಾರ್ಯಕ್ರಮದಲ್ಲಿ ದೀಪದ ಜೊತೆ ಬೀಸಣಿಗೆಯೂ ಇರುತ್ತದೆ. ದುಂಡನೆ ಕಾಗದದ ಬೀಸಣಿಗೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಮೆಚ್ಚಿನವನ ಹೆಸರು, ಅಥವಾ ಒಂದು ಕೋರಿಕೆ: “ಕಣ್ಣು ಹೊಡಿ”. ಅದನ್ನು ಎದೆಯ ಮಟ್ಟಕ್ಕಿಂತ ಮೇಲೆ ಎತ್ತಬಾರದು. ಹಿಂದಿನವರಿಗೆ ಅಡ್ಡ ಬರುತ್ತದಲ್ಲ, ಅದಕ್ಕೆ. ಸಾವಿರಾರು ಜನ ಹುಚ್ಚೆದ್ದು ಕೂಗುತ್ತಿದ್ದಾರೆ, ಬೀಸಣಿಗೆಗಳು ಮಾತ್ರ ಎದೆ ಮಟ್ಟದಲ್ಲೇ. ಜಪಾನ್ ಎಂಥ ದೇಶ ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಸಿನಿಮಾ ಮಂದಿರದಲ್ಲಿ ಅವರು ಇನ್ನೂ ಮೌನಿಗಳು. ಕೊನೆಯ ಹೆಸರು ಪರದೆಯ ಮೇಲೆ ಹೋಗುವವರೆಗೆ ಕದಲುವುದಿಲ್ಲ. ಹಾಗಾಗಿ ಕೂಗಲಿಕ್ಕೇ ಬೇರೆ ಪ್ರದರ್ಶನ ಇಡಬೇಕಾಯಿತು. ‘ಓಯೆನ್ ಜೋಯೆಇ’, ಹುರಿದುಂಬಿಸುವ ಪ್ರದರ್ಶನ. 2016ರಲ್ಲಿ ‘ಕಿಂಗ್ ಆಫ್ ಪ್ರಿಸಂ’ ಅನ್ನುವ ಗಂಡು ಐಡಲ್ ಅನಿಮೆ ಸಿನಿಮಾದಿಂದ ಇದು ಜೋರಾಯಿತು. ದೀಪ ತನ್ನಿ, ಕೂಗಿ, ಪಾತ್ರಗಳ ಜೊತೆ ಮಾತಾಡಿ ಅಂತ ಅನುಮತಿ ಕೊಟ್ಟು ಕರೆದರು. ಗಾಂಧಿನಗರದಲ್ಲಿ ಮೊದಲ ದಿನ ಮೊದಲ ಆಟ ನೋಡಿದ ನಮಗೆ ಇದು ಎಂಥ ವಿಚಿತ್ರ! ಶಿಳ್ಳೆ ಹೊಡೆಯಲು ಪರ್ಮಿಷನ್! ಭಾರತದ ಸಿನಿಮಾಗಳಿಗಾಗಿ ಅವರು ಇಂಥದ್ದೇ ಇನ್ನೊಂದು ರೀತಿ ಮಾಡಿಕೊಂಡಿದ್ದಾರೆ. ಅದಕ್ಕೆ ‘ಮಸಾಲಾ’ ಪ್ರದರ್ಶನ ಅಂತ ಹೆಸರು, ಕಾಗದದ ಚೂರು ಎರಚಿ ಕುಣಿಯುತ್ತಾರೆ. ಎರಚಿದ ಚೂರನ್ನು ಆಮೇಲೆ ತಾವೇ ಗುಡಿಸುತ್ತಾರೆ. ನಮ್ಮ ‘ಕೆಜಿಎಫ್’ 2023ರಲ್ಲಿ ಅಲ್ಲಿ ಬಿಡುಗಡೆಯಾದಾಗ ನಾನು ಅಲ್ಲಿರಲಿಲ್ಲ ಅನ್ನೋ ಹೊಟ್ಟೆಯುರಿ ಇನ್ನೂ ಆರಿಲ್ಲ.

ಇಷ್ಟು ನಗಿಸಿ ಒಂದು ಮಾತು ಹೇಳದೆ ಹೋದರೆ ತಪ್ಪಾಗುತ್ತದೆ. ಜಪಾನಿನ ಗಂಡು ಐಡಲ್ ಉದ್ಯಮವನ್ನು ಕಟ್ಟಿದ್ದು 1962ರಲ್ಲಿ ಶುರುವಾದ ಜಾನೀಸ್ ಏಜೆನ್ಸಿ. ಸ್ಮ್ಯಾಪ್ ಕೂಡ ಅವರದ್ದೇ. ಅದರ ಸ್ಥಾಪಕ ಜಾನಿ ಕಿತಾಗಾವಾ 2019ರಲ್ಲಿ ತೀರಿಕೊಂಡರು. ಅವರು ದಶಕಗಳ ಕಾಲ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನು ಕಂಪನಿಯೇ 2023ರ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡಿತು. ಆ ಹೆಸರನ್ನೇ ತೆಗೆದುಹಾಕಿದರು. ನೂರಾರು ಮಂದಿಗೆ ಪರಿಹಾರ ಕೊಡಬೇಕಾಯಿತು. ಬದುಕಿದ್ದಾಗ ಟೀವಿಯವರು, ಪೇಪರಿನವರು ಬಹುಪಾಲು ಬಾಯಿ ಮುಚ್ಚಿಕೊಂಡೇ ಇದ್ದರು. ಇದು ತಿಳಿದ ಮೇಲೆ 315ರ ಅಧ್ಯಕ್ಷ ನನಗೆ ಬೇರೆ ಥರ ಕಾಣುತ್ತಾನೆ. ಅವನ ಕೂಗಾಟ, ಆ ಸೈಕೋ ಸೈಕೋ, ಎಲ್ಲರೆದುರು ಬಾಗಿಲು ತೆರೆದಿಟ್ಟ ಆ ಪುಟ್ಟ ಆಫೀಸು. ಹುಡುಗನೊಬ್ಬ ಆಗಲ್ಲ ಅಂದರೆ ಆಗಲ್ಲ ಅಂತಲೇ ಕೇಳಿಸಿಕೊಳ್ಳುವ ಜಾಗ ಅದು. ಅಲ್ಲಿ ಯಾರಿಗೂ ಕಾರಣ ಹೇಳಲೇಬೇಕು ಅಂತ ಒತ್ತಾಯವಿಲ್ಲ. ನಾನು ಈ ಸರಣಿಯನ್ನು ಎರಡನೇ ಸಲ ನೋಡಿದ್ದು ಆ ಸುದ್ದಿ ಓದಿದ ವಾರ. ನಗು ಬಂತು, ಆದರೆ ಮೊದಲಿನಷ್ಟು ಸಲೀಸಾಗಿ ಬರಲಿಲ್ಲ.

ಸರಣಿಯಲ್ಲಿ ಕೊರತೆ ಇಲ್ಲವೇ? ಇದೆ. 13 ಕಂತಿಗೆ 19 ಮಂದಿ ಅಂದರೆ ಲೆಕ್ಕ ನೀವೇ ಹಾಕಿ. ಮಾತೃಭೋಜನಕ್ಕೆ ಮಾಡಿದ ಪಾಯಸ ಮದುವೆ ಮನೆಗೆ ಬಡಿಸಿದ ಹಾಗೆ. ಅವಳಿಗಳ ಕಥೆ ಹೀಗೆ ಬಂದು ಹಾಗೆ ಹೋಗುತ್ತದೆ. ರಾಜಕುಮಾರನನ್ನು ಇನ್ನೂ ಎರಡು ಕಂತು ನೋಡಬಹುದಿತ್ತು. ಮೂಲದ ಆಟದಲ್ಲಿ ಆಗ 46 ಮಂದಿ ಇದ್ದರು, ಆಮೇಲೆ 49 ಆದರು. ಎಲ್ಲರನ್ನೂ ತರದೆ ಇದ್ದದ್ದೇ ಪುಣ್ಯ. ಮೊದಲ ಸಲ ನೋಡುವವರು ಹೆಸರು ನೆನಪಿಡಲು ಹೋಗಬೇಡಿ. ನಮ್ಮ ಮನೆಯಲ್ಲಿ ಅವರಿಗೆ ಹಳೇ ಕೆಲಸವೇ ಹೆಸರು. ಡಾಕ್ಟರ್, ಲಾಯರ್, ಪೈಲಟ್, ಹೂವಿನವನು, ಗಣಿತದವನು.

ಕೊನೇ ಕಂತು ಮುಗಿದಾಗ ಅವರೆಕಾಯಿ ಕಾಲವೂ ಮುಗಿದಿತ್ತು. ಅತ್ತೆ ಮರುದಿನ ಸಂಜೆ ಅದೇ ಹೊತ್ತಿಗೆ ಬಂದು ಕೂತರು. ಕೈಯಲ್ಲಿ ಸುಲಿಯಲು ಏನೂ ಇರಲಿಲ್ಲ.

“ಮುಂದಿನದು ಹಾಕು.”

“ಮುಂದಿನದು ಇಲ್ಲ ಅತ್ತೆ.”

“ಡಾಕ್ಟರ್ ವಾಪಸ್ ಹೋದ್ನಾ, ಇಲ್ವಾ?”

“ಇಲ್ಲ, ಹಾಡ್ತಾನೇ ಇದ್ದಾನೆ.”

“ಹಾಡ್ಲಿ ಬಿಡು.”

2018ರಲ್ಲಿ ಇದರದ್ದೇ ಒಂದು ಚುಟುಕು ಸರಣಿ ಬಂದಿತ್ತು, ಹೆಸರಿನ ಕೊನೆಗೆ ‘ಮಿನಿ’ ಅಂತ ಸೇರಿಸಿ. ಕೆಲವೇ ನಿಮಿಷದ ಕಂತುಗಳು, ಅವೇ ಪಾತ್ರಗಳು, ಆದರೆ ದೊಡ್ಡ ತಲೆ, ಗೇಣುದ್ದ ಮೈ. ಅದನ್ನು ಹಾಕಿ ಕೊಟ್ಟು ಅಡುಗೆಮನೆಗೆ ಹೋದೆ. ಒಗ್ಗರಣೆ ಹಾಕುತ್ತಿದ್ದಾಗ ಹಾಲಿನಿಂದ ಗಾಬರಿಯ ದನಿ ಬಂತು.

“ಏನಮ್ಮಾ ಇದು, ಮೇಷ್ಟ್ರು ಇಷ್ಟು ಕುಳ್ಳಾಗಿಬಿಟ್ಟಿದ್ದಾರೆ!”